ಎದ್ದು ಮತ್ತೆ ಕೂತ ಹಾಳೆ: ಬಿರುಗಾಳಿಯ ನಂತರ ತಾರಸಿ ಪರೀಕ್ಷೆ ಮತ್ತು ರಿಪೇರಿ

ಬಿರುಗಾಳಿ ನಿಂತ ಮೇಲೆ ತಾರಸಿ ಹತ್ತಿದವರಿಗೆ ಹರಿದದ್ದು, ಕಿತ್ತು ಹಾರಿದ್ದು ತಾನಾಗಿಯೇ ಕಾಣುತ್ತದೆ. ಅದರ ಪಕ್ಕದಲ್ಲೇ ಕಾಣದ ಹಾನಿಯೊಂದು ಇರುತ್ತದೆ. ಗಾಳಿಯ ಸೆಳೆತಕ್ಕೆ ವಾಟರ್‌ಪ್ರೂಫಿಂಗ್ ಹಾಳೆ ಅಂಟು ಬಿಟ್ಟು ಮೇಲೆದ್ದು, ಗಾಳಿ ತಗ್ಗಿದಾಗ ಮತ್ತೆ ತನ್ನ ಜಾಗದಲ್ಲೇ ಕೂತಿರುತ್ತದೆ. ಹೊರನೋಟಕ್ಕೆ ಏನೂ ಆಗಿಲ್ಲ. ಆದರೆ ಅದರಡಿ ಹಿಡಿತವಿಲ್ಲ, ಮುಂದಿನ ಗಾಳಿಗೆ ಅದು ಹೋಗುತ್ತದೆ. ಹೋಗುವಾಗ ಪಕ್ಕದ ಗಟ್ಟಿ ಹಾಳೆಯನ್ನೂ ಎಳೆದುಕೊಂಡು ಹೋಗುತ್ತದೆ. ಹರಿದ ಜಾಗಕ್ಕಷ್ಟೇ ತೇಪೆ ಹಾಕಿ ಮುಗಿಸಿದ ರಿಪೇರಿಗಳು ಬಹುಪಾಲು ಸೋಲುವುದು ಇದರಿಂದಲೇ.

ಗಾಳಿ ಸಮತಟ್ಟು ತಾರಸಿಯನ್ನು ಮೇಲಕ್ಕೆ ಹೀರುತ್ತದೆ. ಗೋಡೆಗೆ ಬಡಿದ ಗಾಳಿ ಅಂಚು ದಾಟುವಾಗ ತಾರಸಿಯ ಮೈ ಬಿಟ್ಟು ಮೇಲೇಳುತ್ತದೆ, ಅದರಡಿ ಒತ್ತಡ ಕುಸಿಯುತ್ತದೆ. ಗಾಳಿ ಓರೆಯಾಗಿ ಮೂಲೆಗೆ ಬಡಿದರೆ ಎರಡೂ ಅಂಚುಗಳುದ್ದಕ್ಕೆ ಸುಳಿಗಳು ಹುಟ್ಟುತ್ತವೆ, ಅತಿ ಹೆಚ್ಚು ಸೆಳೆತ ಇರುವುದು ಅಲ್ಲೇ. ಮೂಲೆ, ಆಮೇಲೆ ಅಂಚು, ಕೊನೆಗೆ ನಡುಭಾಗ: ಹಾನಿ ಹುಡುಕುವುದೂ ಇದೇ ಕ್ರಮದಲ್ಲಿ. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಗಾಳಿವೇಗದ ವರ್ಗವನ್ನು (ವೇಗ × ವೇಗ) 0.6 ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಎಂಬುದು ಸಿಗುತ್ತದೆ. ಗಂಟೆಗೆ 108 ಕಿ.ಮೀ., ಅಂದರೆ ಸೆಕೆಂಡಿಗೆ 30 ಮೀಟರ್ ವೇಗದ ಗಾಳಿಗೆ ಇದು 540 ನ್ಯೂಟನ್, ಸುಮಾರು 55 ಕೆ.ಜಿ. ಭಾರಕ್ಕೆ ಸಮ. ಮೂಲೆಯಲ್ಲಿ ಸೆಳೆತ ಇದರ ಎರಡು ಪಟ್ಟು ಮುಟ್ಟಬಹುದು. 125 ಮಿ.ಮೀ. ದಪ್ಪದ ಕಾಂಕ್ರೀಟ್ ಚಪ್ಪಡಿ ಚದರ ಮೀಟರಿಗೆ 300 ಕೆ.ಜಿ.ಗೂ ಹೆಚ್ಚು ತೂಗುವುದರಿಂದ ಅದು ಅಲುಗುವುದಿಲ್ಲ. 4 ಮಿ.ಮೀ. ಡಾಂಬರು ಹಾಳೆಯ ತೂಕ 4ರಿಂದ 5 ಕೆ.ಜಿ. ಮಾತ್ರ. ಅದನ್ನು ಹಿಡಿದಿಟ್ಟಿರುವುದು ತೂಕವಲ್ಲ, ಅಂಟು. ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಮರೆಯಬೇಡಿ.

ಗಾಳಿ ಪೂರ್ತಿ ಇಳಿದ ಮೇಲೆ, ಹಗಲಲ್ಲಿ, ಇಬ್ಬರಾಗಿ ಹತ್ತಿ. ಅದಕ್ಕೂ ಮುನ್ನ ಕೆಳಗಿನಿಂದ ಚಾವಣಿಯ ಒಳಮೈ ನೋಡಿ. ಹೊಸ ಬಿರುಕು, ಜೋತಾಟ, ಉದುರಿದ ಗಾರೆ ಕಂಡರೆ ಮೇಲೆ ಕಾಲಿಡದೆ ಎಂಜಿನಿಯರನ್ನು ಕರೆಸಿ. ತಾರಸಿಯ ಮೇಲೆ ತಂತಿ ಬಿದ್ದಿದ್ದರೆ ವಿದ್ಯುತ್ ಕಡಿತವಾಗಿದೆ ಎಂದು ಖಾತ್ರಿಯಾಗುವವರೆಗೆ ಹತ್ತಿರ ಹೋಗಬೇಡಿ. ಸೌರಫಲಕ ಒಡೆದಿದ್ದರೂ, ಮೇನ್ ಸ್ವಿಚ್ ಆಫ್ ಮಾಡಿದ್ದರೂ, ಬಿಸಿಲು ಬೀಳುವಷ್ಟು ಹೊತ್ತು ಅದರಲ್ಲಿ ವಿದ್ಯುತ್ ಹುಟ್ಟುತ್ತಲೇ ಇರುತ್ತದೆ. ಮುರಿದ ಫಲಕ ಮತ್ತು ಕಿತ್ತ ಕೇಬಲ್ ಮುಟ್ಟುವುದು ಅದನ್ನು ಬಲ್ಲವರ ಕೆಲಸ. ಪ್ಯಾರಪೆಟ್ ಗೋಡೆಗೆ ಒರಗಬೇಡಿ. ಗಾಳಿಗೆ ಬುಡದಲ್ಲಿ ಸೀಳಿಬಿಟ್ಟ ಗೋಡೆ ನೆಟ್ಟಗೆ ನಿಂತೇ ಇರುತ್ತದೆ.

ನೀರು ನಿಂತಿದ್ದರೆ ಮೊದಲ ಕೆಲಸ ಅದನ್ನು ಹೊರಗೆ ಬಿಡುವುದು. ಒಂದು ಸೆಂಟಿಮೀಟರ್ ನೀರು ಚದರ ಮೀಟರಿಗೆ 10 ಕೆ.ಜಿ. ಭಾರ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆ.ಜಿ. ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ, 15 ಸೆಂ.ಮೀ. ನೀರು ನಿಂತರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು. ಕಟ್ಟಿದ ಪೈಪಿನ ಬಾಯನ್ನು ಕೋಲಿನಿಂದ ಬಿಡಿಸಿ. ಆಳ ನೀರಿನಲ್ಲಿ ಬರಿಗೈ ಹಾಕಿದರೆ ಎಲೆ, ಕಸ ಸರಿದ ಗಳಿಗೆಯಲ್ಲಿ ನೀರಿನ ಸೆಳೆತ ಕೈಯನ್ನು ಪೈಪಿನೊಳಕ್ಕೆ ಎಳೆಯುತ್ತದೆ.

ಏನನ್ನೂ ಸರಿಸುವ ಮುನ್ನ ಫೋಟೊ ತೆಗೆಯಿರಿ. ಇಡೀ ತಾರಸಿಯದ್ದು ನಾಲ್ಕೂ ಮೂಲೆಯಿಂದ, ಆಮೇಲೆ ಪ್ರತಿ ಹಾನಿಯದ್ದು ಹತ್ತಿರದಿಂದ, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು. ಕಿತ್ತ ಹಾಳೆಯ ಒಂದು ತುಂಡು ಎತ್ತಿಡಿ. ವಿಮೆ ಇದ್ದರೆ ಅದು ಬೇಕಾಗುತ್ತದೆ. ಕೆಲಸದವರಿಗೂ ಅದರ ಅಡಿಮೈ ನೋಡಿದರೆ ತುಂಬ ಸಂಗತಿ ತಿಳಿಯುತ್ತದೆ: ಅಡಿಯಲ್ಲಿ ಧೂಳಷ್ಟೇ ಅಂಟಿದ್ದರೆ ಹಾಕುವಾಗ ಪ್ರೈಮರ್ (ಅಂಟು ಹಿಡಿಯಲೆಂದು ಮೊದಲು ಬಳಿಯುವ ಲೇಪ) ಬಿದ್ದಿಲ್ಲ, ಕರಗದ ಪ್ಲಾಸ್ಟಿಕ್ ಪೊರೆ ಉಳಿದಿದ್ದರೆ ಹಾಳೆಯನ್ನು ಕರಗಿಸಿ ಅಂಟಿಸುವ ಗ್ಯಾಸ್ ಟಾರ್ಚಿನ ಶಾಖ ಸಾಲದೆ ಹೋಗಿದೆ, ಗಾರೆಯೇ ಪದರವಾಗಿ ಕಿತ್ತು ಬಂದಿದ್ದರೆ ತಪ್ಪು ಹಾಳೆಯದ್ದಲ್ಲ, ಕೆಳಗಿನ ಗಾರೆಯದ್ದು. ಈ ಕಾರಣ ಗೊತ್ತಾಗದೆ ಮಾಡಿದ ರಿಪೇರಿ ಅದೇ ತಪ್ಪಿನ ಮೇಲೆ ಕೂರುತ್ತದೆ.

ಅಂಟು ಬಿಟ್ಟ ಜಾಗ ಹುಡುಕಲು ಯಂತ್ರ ಬೇಕಿಲ್ಲ, ತಾಳ್ಮೆ ಬೇಕು. ಮರದ ಸುತ್ತಿಗೆಯಿಂದ ಅಥವಾ ಕೋಲಿನ ತುದಿಯಿಂದ ಒಂದೊಂದು ಗೇಣಿಗೆ ತಟ್ಟುತ್ತ ಹೋಗಿ. ಗಟ್ಟಿಯಾಗಿ ಅಂಟಿದ ಕಡೆ ಸದ್ದು ಬಿಗಿಯಾಗಿರುತ್ತದೆ, ಬಿಟ್ಟ ಕಡೆ ಟೊಳ್ಳು. ಅಂಗೈಯಿಂದ ಒತ್ತಿ ತಳ್ಳಿದಾಗ ಹಾಳೆ ಜರುಗಿದರೆ, ಸುಕ್ಕಾದರೆ, ಪುಸಕ್ಕೆಂದು ತಗ್ಗಿದರೆ ಅಲ್ಲಿ ಹಿಡಿತವಿಲ್ಲ. ಟೊಳ್ಳಿನ ಗಡಿಯನ್ನು ಸೀಮೆಸುಣ್ಣದಿಂದ ಗೆರೆ ಎಳೆದು ಗುರುತಿಸಿ. ಕಟ್ಟಡದ ಕಿರಿ ಅಗಲದ ಹತ್ತನೇ ಒಂದರಷ್ಟು, ಕನಿಷ್ಠ ಒಂದು ಮೀಟರ್ ಅಗಲದ ಪಟ್ಟಿಯನ್ನು ಸುತ್ತಲೂ ಒಂದಿಂಚೂ ಬಿಡದೆ ತಟ್ಟಿ ನೋಡಬೇಕು. ನಡುಭಾಗವನ್ನು ಬೇಗ ಮುಗಿಸಬಹುದು. ಹಾಳೆಗಳ ಜಾಯಿಂಟಿಗೆ ಮೊಂಡು ಸ್ಕ್ರೂಡ್ರೈವರಿನ ತುದಿ ತಾಗಿಸಿ ಉದ್ದಕ್ಕೆ ಎಳೆಯಿರಿ, ತುದಿ ಒಳಗೆ ನುಸುಳಿದರೆ ಜಾಯಿಂಟ್ ಬಿಟ್ಟಿದೆ. ಇದರಲ್ಲಿ ಒಂದು ಹೊರತು ಇದೆ: ಸ್ಕ್ರೂ ಮತ್ತು ಬಿಲ್ಲೆಗಳಿಂದ ಮಾತ್ರ ಬಿಗಿದ ಹಾಳೆಗಳು ಗಾಳಿಗೆ ಉಬ್ಬಿ ಇಳಿಯುವಂತೆಯೇ ಮಾಡಿದವು. ಅಲ್ಲಿ ಟೊಳ್ಳು ಹಾನಿಯ ಗುರುತಲ್ಲ. ಬಿಲ್ಲೆ ಇರುವಲ್ಲಿ ಹಾಳೆ ಸೀಳಿದೆಯೇ, ಸ್ಕ್ರೂ ಮೇಲೆದ್ದಿದೆಯೇ ನೋಡಬೇಕು.

ಒಳಗೆ ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆ ಹುಡುಕಿ ಸೋತವರು ಬಹಳ. ನೀರು ಹಾಳೆಯಡಿ ಇಳಿದು, ಇಳಿಜಾರಿನ ಗಾರೆಯೊಳಗೆ ಹರಿದು, ಚಪ್ಪಡಿಯ ಬಿರುಕು ಸಿಕ್ಕಲ್ಲಿ ಕೆಳಗೆ ಬೀಳುತ್ತದೆ. ತೊಟ್ಟಿಕ್ಕುವಲ್ಲಿಂದ ಇಳಿಜಾರಿನ ಎತ್ತರದ ಕಡೆಗೆ ಹೋಗಿ ಪೈಪ್ ಹಾಯ್ದ ಜಾಗ, ಪ್ಯಾರಪೆಟ್ ಬುಡ, ಸ್ಟ್ಯಾಂಡಿನ ಕಾಲು ನೋಡಿ. ಗಾಳಿಗೆ ಅಲುಗಿದ ಆಂಟೆನಾ ಕಂಬ ಅಥವಾ ಸೌರಫಲಕದ ಸ್ಟ್ಯಾಂಡ್ ತನ್ನ ಬೋಲ್ಟಿನ ಸುತ್ತಲ ತೂತನ್ನು ಕೊರೆದು ಅಗಲ ಮಾಡಿರುತ್ತದೆ. ಹಾಳೆ ಹರಿಯದೆಯೂ ಸೋರುವುದು ಹೀಗೆ.

ಪಕ್ಕಾ ರಿಪೇರಿಗೆ ತೇವ ಆರಬೇಕು, ಅಲ್ಲಿಯವರೆಗೆ ಮುಚ್ಚಿಡಬೇಕು. ಟಾರ್ಪಾಲು ಹಾನಿಯ ಎಲ್ಲ ಬದಿಗೂ ಕನಿಷ್ಠ ಒಂದು ಮೀಟರ್ ಚಾಚಲಿ, ಎತ್ತರದ ಕಡೆಯ ಅಂಚು ಸಾಧ್ಯವಾದರೆ ಪ್ಯಾರಪೆಟ್ ಮೇಲೆ ಹಾಯಲಿ, ನೀರು ಹೋಗುವ ಬಾಯಿ ಮಾತ್ರ ಮುಚ್ಚಬಾರದು. ಅಂಚನ್ನು ಮರದ ರೀಪರಿಗೆ ಎರಡು ಸುತ್ತು ಸುತ್ತಿ, ರೀಪರಿಗೇ ಸ್ಕ್ರೂ ಹೊಡೆದು, ಅದರ ಮೇಲೆ ಅರ್ಧ ಮೀಟರಿಗೊಂದರಂತೆ 15 ಕೆ.ಜಿ. ಮರಳು ಚೀಲ ಇಡಿ, ಮೂಲೆಗೆ ಎರಡೆರಡು. ಬರೀ ಕಣ್ಣುತೂತಿಗೆ ಹಗ್ಗ ಕಟ್ಟಿದರೆ ಪಟಪಟ ಬಡಿದು ಒಂದೇ ರಾತ್ರಿಯಲ್ಲಿ ಹರಿಯುತ್ತದೆ. ಇಟ್ಟಿಗೆ, ಬ್ಲಾಕ್ ಇಡಲೇಬೇಡಿ. ಟಾರ್ಪಾಲು ಎದ್ದರೆ ಅವು ಕೆಳಗಿರುವವರ ತಲೆಯ ಮೇಲೆ ಬೀಳುತ್ತವೆ. ಮತ್ತೆ ಜೋರು ಗಾಳಿಯ ಮುನ್ಸೂಚನೆ ಇದ್ದರೆ ಮೇಲಿನ ಲೆಕ್ಕದ ಮುಂದೆ ಚೀಲಗಳು ಸಾಲುವುದಿಲ್ಲ, ರೀಪರುಗಳನ್ನು ಗಟ್ಟಿ ಕಂಬಕ್ಕೆ ಹಗ್ಗದಿಂದ ಬಿಗಿಯಬೇಕು. ಮೊಳೆ ಹೊಡೆಯದೆ ಗತ್ಯಂತರವಿಲ್ಲ ಎಂದಾದರೆ ಹೇಗೂ ಕಿತ್ತು ಹಾಕಲಿರುವ ಹಾಳೆಯ ಗಡಿಯೊಳಗೇ ಹೊಡೆಯಿರಿ. ಸಣ್ಣ ಸೀಳಿಗೆ ಟಾರ್ಪಾಲು ಬೇಡ. ಮೈ ಒರೆಸಿ ಒಣಗಿಸಿ 100 ಮಿ.ಮೀ. ಅಗಲದ ಡಾಂಬರು ಅಂಟುಪಟ್ಟಿ ಹಚ್ಚಿ ರೋಲರಿನಿಂದ ಒತ್ತಿದರೆ ಕೆಲ ವಾರ ತಡೆಯುತ್ತದೆ.

ಗಾರೆ ಆರಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಕನಿಷ್ಠ 16 ಗಂಟೆ ಬಿಡಿ. ಪ್ಲಾಸ್ಟಿಕ್ಕಿನ ಒಳಮೈ ಬೆವರಿದ್ದರೆ, ಗಾರೆ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಕಾಯದೆ ಮುಚ್ಚಿದರೆ ಬಿಸಿಲಿಗೆ ಆ ತೇವ ಆವಿಯಾಗಿ ಹೊಸ ಹಾಳೆಯನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. ಗುಳ್ಳೆಯ ಅಡಿ ಹಿಡಿತವಿಲ್ಲ, ಗಾಳಿಗೆ ಅದೇ ಹೊಸ ಬಾಯಿ. ಶಾಖನಿರೋಧಕ ಪದರ ಇರುವ ತಾರಸಿಯಲ್ಲಿ ಒದ್ದೆಯಾದ ಪದರವನ್ನು ಒಣಗಿಸುವ ಪ್ರಯತ್ನ ಬೇಡ, ಕತ್ತರಿಸಿ ತೆಗೆದು ಅದೇ ದಪ್ಪದ ಹೊಸದನ್ನು ಕೂರಿಸಿ.

ಈಗ ಡಾಂಬರು ಹಾಳೆಯ ರಿಪೇರಿ. ಸೀಮೆಸುಣ್ಣದ ಗೆರೆಯಿಂದ ಆಚೆಗೆ, ಕೈಯಿಂದ ಎಳೆದರೂ ಬಾರದ ಗಟ್ಟಿ ಜಾಗ ಸಿಗುವವರೆಗೆ ಹಳೆಯದನ್ನು ನೇರ ಗೆರೆಯಲ್ಲಿ ಕತ್ತರಿಸಿ ತೆಗೆಯಿರಿ. ಎದ್ದ ಹಾಳೆಯನ್ನೇ ಮತ್ತೆ ಬಿಸಿ ಮಾಡಿ ಅಂಟಿಸುವ ಆಸೆ ಸಹಜ. ಆದರೆ ಅದರಡಿ ಧೂಳು ಹೊಕ್ಕಿದೆ, ಮಡಚಿದ ಕಡೆ ಒಳಗಿನ ನೂಲಿನ ಹೆಣಿಗೆ ಬಿರಿದಿದೆ. ಅದನ್ನು ಉಳಿಸಿಕೊಳ್ಳುವುದರಿಂದ ಲಾಭವಿಲ್ಲ. ಗಾರೆ ಉಜ್ಜಿ, ಧೂಳು ತೆಗೆದು ಡಾಂಬರು ಪ್ರೈಮರ್ ಹಚ್ಚಿ. ಒಂದು ಲೀಟರ್ 4ರಿಂದ 5 ಚದರ ಮೀಟರಿಗೆ ಬರುತ್ತದೆ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆಯೇ ಟಾರ್ಚ್ ಹಚ್ಚಬೇಕು, ಹಸಿ ಪ್ರೈಮರಿಗೆ ಬೆಂಕಿ ಹಿಡಿಯುತ್ತದೆ.

ಹೊಸ ಹಾಳೆ ಗಟ್ಟಿಯಿರುವ ಹಳೆ ಹಾಳೆಯ ಮೇಲೆ ಎಲ್ಲ ಕಡೆ 150 ಮಿ.ಮೀ. ಹತ್ತಬೇಕು. ತಗ್ಗಿನ ಕಡೆಯಿಂದ ಶುರು ಮಾಡಿದರೆ ಮೇಲಿನ ಹಾಳೆ ಕೆಳಗಿನದರ ಮೇಲೆ ಬಂದು ನೀರು ಜಾಯಿಂಟಿಗೆ ಎದುರಾಗದೆ ಜಾರುತ್ತದೆ. ಹಾಳೆಗಳ ನಡುವೆ ಉದ್ದಕ್ಕೆ 100, ತುದಿಗೆ 150 ಮಿ.ಮೀ. ಓವರ್‌ಲ್ಯಾಪ್ ಬಿಡಿ. ಜಾಯಿಂಟಿನ ಅಂಚಿನಲ್ಲಿ 5ರಿಂದ 10 ಮಿ.ಮೀ. ಕರಗಿದ ಡಾಂಬರು ಒಂದೇ ಸಮ ಉಕ್ಕಿ ಬಂದಿರಬೇಕು. ಉಕ್ಕದಿದ್ದರೆ ಶಾಖ ಸಾಲದು, ಒಳಗಿನ ಹೆಣಿಗೆ ಕಾಣಿಸಿದರೆ ಸುಟ್ಟಿದೆ. ಹಳೆ ಹಾಳೆಯ ಮೇಲೆ ಕಲ್ಲುಹರಳಿನ ಹೊದಿಕೆ ಇದ್ದರೆ ಓವರ್‌ಲ್ಯಾಪ್ ಜಾಗವನ್ನು ಬಿಸಿ ಮಾಡಿ, ಹರಳುಗಳೆಲ್ಲ ಡಾಂಬರಿನಲ್ಲಿ ಮುಳುಗಿ ಮೈ ಕಪ್ಪಾಗುವವರೆಗೆ ಕರಣೆಯಿಂದ ತೀಡಿ. ಈ ಹೆಜ್ಜೆ ಬಿಟ್ಟ ತೇಪೆಗಳು ಅಂಟಿಕೊಳ್ಳುವುದು ಹರಳಿಗೆ, ಹಾಳೆಗಲ್ಲ. ಪ್ಯಾರಪೆಟ್ ಬುಡದಲ್ಲಿ 50 ಮಿ.ಮೀ. ಓರೆ ಗಾರೆ ಕೊಟ್ಟು, ಹಾಳೆಯನ್ನು ಮುಗಿದ ನೆಲಮಟ್ಟದಿಂದ ಕನಿಷ್ಠ 150 ಮಿ.ಮೀ. ಗೋಡೆಗೆ ಏರಿಸಿ, ಗೋಡೆಯಲ್ಲಿ 25 ಮಿ.ಮೀ. ಕೊರೆದ ತೋಡಿನೊಳಗೆ ಅದರ ತುದಿ ಸೇರಿಸಿ ಸೀಲ್ ಮಾಡಬೇಕು. ತುದಿ ಬರೀ ಗೋಡೆಯ ಮೈಗೆ ಅಂಟಿ ನಿಂತಿದ್ದರೆ ಗಾಳಿಯೂ ನೀರೂ ಅಲ್ಲಿಂದಲೇ ಹೊಗುತ್ತವೆ.

ಸಾಮಾನಿನ ಲೆಕ್ಕದಲ್ಲಿ ಎಲ್ಲರೂ ಕಮ್ಮಿ ತರುತ್ತಾರೆ. ಪ್ಯಾರಪೆಟ್ ಇರುವ ಮೂಲೆಯಲ್ಲಿ 2 × 3 ಮೀಟರ್, ಅಂದರೆ 6 ಚದರ ಮೀಟರ್ ಕಿತ್ತಿದೆ ಎನ್ನಿ. 1 × 10 ಮೀಟರ್ ಸುರುಳಿ ಒಂದು ಸಾಕು ಅನ್ನಿಸುತ್ತದೆ. ತೆರೆದ ಎರಡು ಬದಿಗೆ 150 ಮಿ.ಮೀ. ಸೇರಿಸಿದರೆ 2.15 × 3.15 ಮೀಟರ್, ಓವರ್‌ಲ್ಯಾಪ್ ಕಳೆದರೆ ಮೂರು ಪಟ್ಟಿ ಬೇಕು, ಅದಕ್ಕೇ ಸುರುಳಿಯ 9.45 ಮೀಟರ್ ಹೋಯಿತು. ಗೋಡೆಗೆ ಏರಿಸಲು 5 ಮೀಟರ್ ಉದ್ದಕ್ಕೆ 350 ಮಿ.ಮೀ. ಅಗಲದ ಪಟ್ಟಿ ಬೇರೆ ಬೇಕು. ಮೂರನೆಯ ಪಟ್ಟಿಯಲ್ಲಿ ಉಳಿದದ್ದರಿಂದ ಅದರ ಒಂದು ಪಾಲು ಮಾತ್ರ ಹೊರಡುತ್ತದೆ. ಎರಡು ಸುರುಳಿ, ಎರಡರಿಂದ ಎರಡೂವರೆ ಲೀಟರ್ ಪ್ರೈಮರ್ ತಂದಿಟ್ಟುಕೊಳ್ಳಿ. ಟಾರ್ಚಿನ ಕೆಲಸಕ್ಕೆ ಅಗ್ನಿಶಾಮಕ ಸಿಲಿಂಡರ್ ಪಕ್ಕದಲ್ಲೇ ಇರಲಿ, ಕೆಲಸ ಮುಗಿದ ಮೇಲೆ ಎರಡು ಗಂಟೆಯಾದರೂ ಒಬ್ಬರು ಅಲ್ಲೇ ಕಾವಲಿರಲಿ. ಥರ್ಮೋಕೋಲ್ ಮೇಲೆ ನೇರ ಜ್ವಾಲೆ ಸಲ್ಲದು.

ನಿಮ್ಮ ತಾರಸಿಯ ಹಾಳೆ ಡಾಂಬರಿನದೇ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಇದೆಲ್ಲ. ಪಿವಿಸಿ ಹಾಳೆಗೆ ಡಾಂಬರು ತಾಗಿದರೆ ಅದರ ಮೆತುಗುಣ ಹೋಗಿ ಪೆಡಸಾಗುತ್ತದೆ. ಅದಕ್ಕೆ ಬಿಸಿಗಾಳಿಯ ಬೆಸುಗೆಯೇ ಬೇಕು. ಇಪಿಡಿಎಂ ರಬ್ಬರ್ ಹಾಳೆ ಡಾಂಬರು ಅಂಟಿಗೆ ಊದಿಕೊಳ್ಳುತ್ತದೆ. ಅದರದೇ ಪ್ರೈಮರ್, ಅದರದೇ ಪಟ್ಟಿ ತರಬೇಕು. ಅವಸರಕ್ಕೆ ಸಿಲಿಕೋನ್ ಬಳಿದುಬಿಟ್ಟರೆ ಆಮೇಲೆ ಅದರ ಮೇಲೆ ಬೇರೆ ಏನೂ ಅಂಟುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕಾಗುತ್ತದೆ. ಅಕ್ರಿಲಿಕ್ ಲೇಪನ ನೀರು ನಿಲ್ಲುವ ಜಾಗದಲ್ಲಿ ಮೆತ್ತಗಾಗಿ ಏಳುತ್ತದೆ. ತಟ್ಟಿ ನೋಡಿದಾಗ ತಾರಸಿಯ ಕಾಲುಭಾಗಕ್ಕೂ ಹೆಚ್ಚು ಟೊಳ್ಳಾಗಿದ್ದರೆ ನಮ್ಮ ಮಾತು ಇಷ್ಟೇ: ತೇಪೆಗೆ ಹಣ ಹಾಕಬೇಡಿ, ಪೂರ್ತಿ ತೆಗೆದು ಹೊಸದಾಗಿ ಹಾಕಿಸಿ.

ಪ್ಯಾರಪೆಟ್ ಇಲ್ಲದ ತಾರಸಿಯ ಅಂಚಿನಲ್ಲಿ ಲೋಹದ ಪಟ್ಟಿ ಇರುತ್ತದೆ. ದೊಡ್ಡ ಹಾನಿಗಳು ಬಹಳ ಸಲ ಶುರುವಾಗುವುದು ಅದರಿಂದ: ಪಟ್ಟಿ ಮೊದಲು ಬಾಗಿ ಏಳುತ್ತದೆ, ಅದರಡಿ ಗಾಳಿ ಹೊಕ್ಕು ಹಾಳೆಯನ್ನು ಅಂಚಿನಿಂದ ಸುಲಿಯುತ್ತದೆ. ಬಾಗಿದ ಪಟ್ಟಿಯನ್ನು ತಟ್ಟಿ ನೆಟ್ಟಗೆ ಮಾಡಿ ಹಳೆ ತೂತಿಗೇ ಸ್ಕ್ರೂ ಹಾಕಿದರೆ ಹಿಡಿಯದು. ಹೊಸ ಪಟ್ಟಿ, ಹೊಸ ತೂತು, ತುಕ್ಕು ಹಿಡಿಯದ ಸ್ಕ್ರೂ, ಮಾಮೂಲು ಕಡೆ 300 ಮಿ.ಮೀ.ಗೊಂದು, ಮೂಲೆಯಿಂದ ಎರಡು ಮೀಟರ್‌ವರೆಗೆ 150 ಮಿ.ಮೀ.ಗೊಂದು.

ತೇಪೆ ಪೂರ್ತಿ ತಣ್ಣಗಾದ ಮೇಲೆ ನೀರು ನಿಲ್ಲಿಸಿ ಪರೀಕ್ಷಿಸಿ. ಪೈಪಿನ ಬಾಯಿ ಕಟ್ಟಿ, ರಿಪೇರಿ ಮಾಡಿದ ಜಾಗದ ಸುತ್ತ ಗಾರೆಯ ಚಿಕ್ಕ ಬದು ಹಾಕಿ, 25ರಿಂದ 50 ಮಿ.ಮೀ. ನೀರು ತುಂಬಿ 48 ಗಂಟೆ ಬಿಡಿ. ಮಟ್ಟವನ್ನು ಗೋಡೆಗೆ ಗುರುತು ಹಾಕಿ. ಬಿಸಿಲಿಗೆ ಆರುವುದೆಷ್ಟು ಎಂದು ತಿಳಿಯಲು ಪಕ್ಕದಲ್ಲಿ ಅಷ್ಟೇ ನೀರು ತುಂಬಿದ ಅಗಲ ಪಾತ್ರೆ ಇಡಿ. ಪಾತ್ರೆಗಿಂತ ತಾರಸಿಯ ನೀರು ಹೆಚ್ಚು ಇಳಿದರೆ ಎಲ್ಲೋ ಬಾಯಿ ಉಳಿದಿದೆ. ನೀರು ಬಿಟ್ಟ ಮೇಲೆ ತೇಪೆಯ ಅಂಚನ್ನು ಸುತ್ತಿಗೆಯಿಂದ ಇನ್ನೊಮ್ಮೆ ತಟ್ಟಿ. ಜೊತೆಗೆ ನೀರಿನ ಟ್ಯಾಂಕಿಗೆ ಬಿಗಿಪಟ್ಟಿ ಇದೆಯೇ ನೋಡಿ. ಸಾವಿರ ಲೀಟರ್ ಪ್ಲಾಸ್ಟಿಕ್ ಟ್ಯಾಂಕ್ ತುಂಬಿದ್ದರೆ ಒಂದು ಟನ್ ತೂಗುತ್ತದೆ, ಖಾಲಿಯಿದ್ದರೆ ಗಾಳಿಗೆ ಉರುಳುತ್ತದೆ. ಮುನ್ಸೂಚನೆ ಬಂದ ದಿನ ಅದನ್ನು ತುಂಬಿಡಿ, ಬಿಡಿಯಾಗಿರುವ ಹಲಗೆ, ಶೀಟು, ಕುರ್ಚಿಗಳನ್ನು ಕೆಳಗಿಳಿಸಿ.