ಮೂಲೆಯಲ್ಲಿ ಕೂತ ಎರಡು ಕಾಳು

ಕೆಟ್ಟುಹೋದ ಹಾರ್ಡ್ ಡಿಸ್ಕ್ ಒಂದರ ಸರ್ಕ್ಯೂಟ್ ಬೋರ್ಡನ್ನು ಇವತ್ತು ಬಿಚ್ಚಿ ನೋಡಿದೆ. ಎರಡು ಮೂಲೆಗಳಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಸೆನ್ಸರ್‌ಗಳು, ಓರೆಯಾಗಿ ಕೂತಿವೆ. ಕಣ್ಣು ಅಲ್ಲೇ ನಿಂತಿತು.

ಹಲವು ಡಿಸ್ಕ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಾಗ ಪಕ್ಕದ ಡಿಸ್ಕ್ ತಿರುಗಿದರೂ ಸಾಕು, ಇಡೀ ಪೆಟ್ಟಿಗೆ ನಡುಗುತ್ತದೆ. ಮಾಹಿತಿ ಓದಿ ಬರೆಯುವ ಹೆಡ್ ಹಿಡಿಯಬೇಕಾದ ಟ್ರ್ಯಾಕ್ (ತಿರುಗುವ ತಟ್ಟೆಯ ಮೇಲಿನ ದುಂಡನೆಯ ದಾರಿ) ಆದರೋ ಕೂದಲೆಳೆಯ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು ಅಗಲ! ಈ ಎರಡು ಕಾಳುಗಳು ಅನುಭವಿಸುವ ನಡುಕದ ವ್ಯತ್ಯಾಸದಿಂದಲೇ ಡಿಸ್ಕ್ ಎತ್ತ ತಿರುಚಿಕೊಳ್ಳುತ್ತಿದೆ ಎಂದು ತಿಳಿಯುತ್ತದೆ. ಹೆಡ್ ದಾರಿ ತಪ್ಪುವ ಮೊದಲೇ ಅದರ ತೋಳಿಗೆ ತಕ್ಕಷ್ಟು ತಳ್ಳು ಸಿಗುತ್ತದೆ.

ಬರೆಯುವಾಗ ತಪ್ಪಿದರೆ? ಅಲ್ಲೇ ನಿಲ್ಲಿಸಿ ಇನ್ನೊಂದು ಸುತ್ತು ಕಾಯಬೇಕು. ನಿಮಿಷಕ್ಕೆ 7,200 ಸುತ್ತು ಹಾಕುವ ಡಿಸ್ಕ್‌ಗೆ ಅದು 8.3 ಮಿಲಿಸೆಕೆಂಡ್. ನಮಗೆ ರೆಪ್ಪೆ ಬಡಿಯಲೂ ಸಾಲದು, ಅದಕ್ಕೆ ಬಹಳ ದೊಡ್ಡ ಹೊತ್ತು.

ಬೋರ್ಡನ್ನು ಎಸೆಯಲು ಮನಸ್ಸಾಗಲಿಲ್ಲ. ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ.