ಹಳೆಯ ಜಾಗ್ವಾರ್ ಎಕ್ಸ್‌ಕೆ8 ಕೊಳ್ಳಬಹುದೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ ನೆಲೆಸಿರುವ ನಾವು ಕನ್ನಡಿಗರು ಯುಗಾದಿಗೋ ದೀಪಾವಳಿಗೋ ಒಂದೆಡೆ ಸೇರಿದಾಗ, ಊಟ ಮುಗಿಸಿ ಹೊರಗೆ ಬರುವ ಹೊತ್ತಿಗೆ ಯಾರಾದರೊಬ್ಬರು ನನ್ನ ಕಾರಿಗೆ ಒಂದು ಸುತ್ತು ಹಾಕಿ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: "ಹೊಸ ಸಣ್ಣ ಕಾರಿನ ಬೆಲೆಗಿಂತ ಕಡಿಮೆಗೆ ಇಂಥದ್ದು ಸಿಗುತ್ತದಂತಲ್ಲ, ನಾನೂ ಒಂದು ತೆಗೆದುಕೊಳ್ಳಲೇ?" ನನ್ನದು 2003ರ ಜಾಗ್ವಾರ್ ಎಕ್ಸ್‌ಕೆ8. ಎಂಟು ವರ್ಷಗಳಿಂದ ನನ್ನ ಬಳಿ ಇದೆ. ಖಂಡಿತ ತೆಗೆದುಕೊಳ್ಳಿ ಎಂದೇ ನಾನು ಹೇಳುತ್ತೇನೆ. ಆದರೆ ಬಣ್ಣ, ಚರ್ಮದ ಆಸನ, ವಾಲ್ನಟ್ ಮರದ ಡ್ಯಾಶ್‌ಬೋರ್ಡು ಇವುಗಳಿಗೆ ಮನಸೋಲುವ ಮೊದಲು ಕಾರಿನ ತಳವನ್ನೂ ಅದರ ಜೊತೆಗೆ ಬರುವ ಕಾಗದಗಳ ಕಟ್ಟನ್ನೂ ನೋಡಿ, ಕೈಯಲ್ಲಿರುವ ಹಣದಲ್ಲಿ ಮೂರನೇ ಒಂದು ಭಾಗವನ್ನು ಮುಟ್ಟದೆ ಪಕ್ಕಕ್ಕಿಟ್ಟು ತೆಗೆದುಕೊಳ್ಳಿ.

ಈ ಬಗೆಯ ಕಾರುಗಳನ್ನು ಗ್ರ್ಯಾಂಡ್ ಟೂರರ್ ಎನ್ನುತ್ತಾರೆ. ಇಬ್ಬರು ತಮ್ಮ ಪೆಟ್ಟಿಗೆಗಳೊಂದಿಗೆ ಒಂದೇ ದಿನದಲ್ಲಿ ನೂರಾರು ಮೈಲಿ ಸಾಗಿ, ಇಳಿದಾಗ ಮೈಕೈ ನೋವಿಲ್ಲದೆ ಊಟಕ್ಕೆ ಕೂರಬೇಕು ಎಂಬುದು ಇದರ ಹಿಂದಿನ ಕಲ್ಪನೆ. 1996ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಮೊದಲು ಕಂಡ ಎಕ್ಸ್‌ಕೆ8 ಜಾಗ್ವಾರಿನ ಮೊತ್ತಮೊದಲ ವಿ8 ಎಂಜಿನ್ನನ್ನು (ಎಂಟು ಸಿಲಿಂಡರುಗಳನ್ನು ‘ವಿ’ ಆಕಾರದಲ್ಲಿ ಜೋಡಿಸಿದ ಎಂಜಿನ್) ಹೊತ್ತು ಬಂದಿತ್ತು. ಕಾರು ತಯಾರಾದದ್ದು ಕಾವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ, ಎಂಜಿನ್ ಬಂದದ್ದು ವೇಲ್ಸ್‌ನ ಬ್ರಿಜೆಂಡಿನಿಂದ. ಹೊಸದರಲ್ಲಿ ಸುಮಾರು 48 ಸಾವಿರ ಪೌಂಡ್ ಇದ್ದ ಕಾರು ಇಷ್ಟು ಅಗ್ಗಕ್ಕೆ ಬಂದಿರುವುದಕ್ಕೆ ಕಾರಣವಿದೆ. ಕಾರಿನ ಬೆಲೆ ಇಳಿದಿದೆ, ಅದರ ಬಿಡಿಭಾಗಗಳ ಬೆಲೆಯಾಗಲಿ ಮೆಕ್ಯಾನಿಕ್‌ನ ಗಂಟೆಯ ಕೂಲಿಯಾಗಲಿ ಇಳಿದಿಲ್ಲ. ಕೊಳ್ಳುವವರು ಮರೆಯುವುದು ಇದನ್ನೇ.

ಮೊದಲು ಎಂಜಿನ್ನಿನ ಮಾತು, ಏಕೆಂದರೆ ಎಲ್ಲರೂ ಹೆದರುವುದು ಅದಕ್ಕೆ. ಆರಂಭದ 4.0 ಲೀಟರ್ ಎಂಜಿನ್ನುಗಳ ಅಲ್ಯೂಮಿನಿಯಂ ಸಿಲಿಂಡರುಗಳ ಒಳಮೈಗೆ ನಿಕಾಸಿಲ್ ಎಂಬ ಲೇಪನವಿತ್ತು. ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿದ ತೆಳುವಾದ ಗಟ್ಟಿ ಪದರ ಅದು. ಆಗಿನ ಪೆಟ್ರೋಲಿನಲ್ಲಿದ್ದ ಗಂಧಕ ಆ ಪದರವನ್ನು ತಿಂದುಹಾಕಿ, ಎಂಜಿನ್ನಿನ ಒತ್ತಡ ಸೋರಿಹೋಗಿ, ಚಳಿಯಲ್ಲಿ ಕಾರು ಸ್ಟಾರ್ಟೇ ಆಗದಂತಾಗುತ್ತಿತ್ತು. 2000ದ ಆಗಸ್ಟ್ ಸುಮಾರಿಗೆ ಕಂಪನಿ ಆ ಲೇಪನ ಬಿಟ್ಟು ಸಿಲಿಂಡರಿನೊಳಗೆ ಕಬ್ಬಿಣದ ಲೈನರ್ ಎಂಬ ಕೊಳವೆ ಹಾಕತೊಡಗಿತು. ಯುರೋಪಿನ ಪೆಟ್ರೋಲಿನಲ್ಲಿ ಗಂಧಕದ ಮಿತಿ 2009ರಿಂದ ಹತ್ತು ಲಕ್ಷಕ್ಕೆ ಹತ್ತು ಭಾಗ ಮಾತ್ರ. ಹೀಗಾಗಿ ಇಂದಿಗೂ ಚೆನ್ನಾಗಿ ಓಡುತ್ತಿರುವ ನಿಕಾಸಿಲ್ ಎಂಜಿನ್ ಇನ್ನು ಮುಂದೆ ಅದೇ ಕಾರಣಕ್ಕೆ ಕೆಡುವ ಸಂಭವ ಕಡಿಮೆ ಎಂದು ನಾನು ನಂಬಿದ್ದೇನೆ. ನಾನು ಹೆಚ್ಚು ಹೆದರುವುದು ಅದೇ ಕಾಲದ ಟೈಮಿಂಗ್ ಚೈನ್ ಟೆನ್ಷನರುಗಳಿಗೆ, ಅಂದರೆ ಎಂಜಿನ್ನಿನ ವಾಲ್ವುಗಳನ್ನು ನಡೆಸುವ ಚೈನನ್ನು ಬಿಗಿಯಾಗಿ ಹಿಡಿದಿಡುವ ಭಾಗಗಳಿಗೆ. ಅವುಗಳ ಮೈ ಪ್ಲಾಸ್ಟಿಕ್ಕಿನದು; ವಯಸ್ಸಾದಂತೆ ಸೀಳು ಬಿಡುತ್ತದೆ, ತುಂಡಾದ ದಿನ ಚೈನು ಹಲ್ಲು ತಪ್ಪಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗಬಹುದು. ಲೋಹದ ಮೈಯ ಟೆನ್ಷನರುಗಳನ್ನು ಹಾಕಿಸಿದ ಬಿಲ್ಲು ಇಲ್ಲದಿದ್ದರೆ, ಎಂಜಿನ್ನಿನ ಮೇಲಿನ ಮುಚ್ಚಳ (ಕ್ಯಾಮ್ ಕವರ್) ಬಿಚ್ಚಿ ನೋಡುವವರೆಗೆ 4.0 ಲೀಟರಿನ ಯಾವ ಕಾರಿಗೂ ಮುಂಗಡ ಕೊಡಬೇಡಿ. ಈ ಎರಡು ತಲೆನೋವೂ ಬೇಡ ಎನ್ನುವವರು 2002ರ ಕೊನೆಯಿಂದ ಬಂದ 4.2 ಲೀಟರ್ ಮಾದರಿಯನ್ನೇ ಹುಡುಕುವುದು ಲೇಸು. ನಾನೂ ಹಾಗೆಯೇ ಮಾಡಿದೆ.

ಗೇರ್‌ಬಾಕ್ಸಿನ ಎಣ್ಣೆ ಕಾರಿನ ಆಯುಷ್ಯಪೂರ್ತಿ ಬಾಳುತ್ತದೆ ಎಂಬ ಮಾತನ್ನು ಮಾರುವವರು ಇಂದಿಗೂ ಹೇಳುತ್ತಾರೆ. ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿ ಎನ್ನುತ್ತದೆ. ಬದಲಿಸಿದ ದಾಖಲೆ ಇದ್ದರೆ, ಆ ಒಡೆಯರು ಉಳಿದದ್ದನ್ನೂ ಶ್ರದ್ಧೆಯಿಂದ ನೋಡಿಕೊಂಡಿರುತ್ತಾರೆ ಎಂದು ಧಾರಾಳವಾಗಿ ಊಹಿಸಬಹುದು.

ಇಷ್ಟಾದರೂ ಈ ಕಾರುಗಳನ್ನು ಗುಜರಿಗೆ ಕಳಿಸುವುದು ಹೆಚ್ಚಾಗಿ ಎಂಜಿನ್ನಲ್ಲ, ತುಕ್ಕು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಮುಂಭಾಗದ ನೆಲಹಾಳೆ, ಬಾಗಿಲ ಕೆಳಗಿನ ಸಿಲ್ಲು, ಹಿಂದಿನ ಚಕ್ರದ ಕಮಾನು ಇವುಗಳ ಸಂದಿಗಳಲ್ಲಿ ಕೂತು ಒಳಗಿನಿಂದ ಕೊರೆಯುತ್ತದೆ. ನಾನು ನೋಡಲು ಹೋದ ಮೊದಲ ಕಾರು ಬರೀ 38,000 ಮೈಲಿ ಓಡಿತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು. ಇಬ್ಬರೇ ಒಡೆಯರು, ಸದಾ ಗ್ಯಾರೇಜಿನಲ್ಲೇ ಇತ್ತು ಎಂದರು. ಚಾಲಕನ ಕಾಲ ಕೆಳಗಿನ ಕಾರ್ಪೆಟ್ ಎತ್ತಿ ಕೈಯಿಟ್ಟರೆ ಒದ್ದೆ. ಟಾರ್ಚು ಹಿಡಿದರೆ ನೆಲದ ತಗಡು ಹಪ್ಪಳದಂತೆ ಪುಡಿಯಾಗುತ್ತಿತ್ತು. ಟೈರು ಯಾವಾಗ ತಯಾರಾಯಿತೆಂದು ಹೇಳುವ ಅದರ ಮೇಲಿನ ಅಂಕಿಗಳನ್ನು ಓದಿದೆ, ಒಂಬತ್ತು ವರ್ಷ ಹಳೆಯವು. ಓಡದೆ ನಿಂತ ಕಾರು ಚೆನ್ನಾಗಿರುತ್ತದೆ ಎಂಬ ನನ್ನ ನಂಬಿಕೆ ಅಂದೇ ಬಿಟ್ಟುಹೋಯಿತು. ಕೊನೆಗೆ ಕೊಂಡದ್ದು 96,000 ಮೈಲಿ ಓಡಿದ್ದ ಕಾರನ್ನು. ಅದರ ಜೊತೆ ಎರಡು ದಪ್ಪ ಕಡತಗಳ ತುಂಬ ಬಿಲ್ಲುಗಳು ಬಂದವು, ಮೂರು ವರ್ಷದ ಹಿಂದೆ ಸಿಲ್ಲುಗಳಿಗೆ ಹೊಸ ತಗಡು ಬೆಸೆದ ಫೋಟೋಗಳೂ ಅದರಲ್ಲಿದ್ದವು.

ಮನೆಯಲ್ಲೇ ಕುಳಿತು ಮಾಡಬಹುದಾದ ಪರೀಕ್ಷೆಯೊಂದಿದೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿವರ್ಷ ಎಂಒಟಿ ತಪಾಸಣೆ ಕಡ್ಡಾಯ. 2005ರಿಂದೀಚಿನ ಅದರ ಫಲಿತಾಂಶಗಳನ್ನು ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪಾಸು ಫೇಲಿಗಿಂತ, ಕೆಳಗೆ ಬರೆದಿರುವ ಎಚ್ಚರಿಕೆಗಳನ್ನು ಓದಿ. ಒಂದೇ ಜಾಗದ ತುಕ್ಕಿನ ಬಗ್ಗೆ ನಾಲ್ಕು ವರ್ಷ ಸತತವಾಗಿ ಬರೆದು, ಐದನೆಯ ವರ್ಷ ಆ ಸಾಲು ಮಾಯವಾಗಿದ್ದರೆ, ದುರಸ್ತಿಯ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಕಪ್ಪು ಬಣ್ಣ ಬಳಿದು ಮುಚ್ಚಿರುವ ಸಾಧ್ಯತೆಯಿದೆ. ಮೈಲಿಯ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗಿದೆಯೇ ಎಂಬುದೂ ಅಲ್ಲಿ ಕಾಣುತ್ತದೆ. ಕಾರಿನ ಮೇಲೆ ಸಾಲ ಬಾಕಿ ಇದೆಯೇ ಎಂಬುದನ್ನು ಮಾತ್ರ ಹಣ ಕೊಟ್ಟು ಬೇರೆಯಾಗಿ ಪರಿಶೀಲಿಸಬೇಕು.

ಮೇಲ್ಛಾವಣಿ ಮಡಚುವ ಕನ್ವರ್ಟಿಬಲ್ ಬೇಕೆನ್ನುವವರಿಗೆ ಒಂದು ಮಾತು. ಛಾವಣಿಯನ್ನು ನಡೆಸುವ ಹೈಡ್ರಾಲಿಕ್ ಎಣ್ಣೆಯ ಕೊಳವೆಗಳು ಮುಂಗಾಜಿನ ಮೇಲಂಚಿನವರೆಗೂ ಬರುತ್ತವೆ. ಹಳೆಯದಾದಾಗ ಅಲ್ಲೇ ಒಡೆದು ಹಸಿರು ಎಣ್ಣೆ ಆಸನದ ಮೇಲೂ ಕೂತವರ ಮೇಲೂ ಸುರಿಯುತ್ತದೆ. ಛಾವಣಿಯನ್ನು ಎರಡು ಮೂರು ಬಾರಿ ತೆರೆದು ಮುಚ್ಚಿಸಿ ನೋಡಿ.

ಪಕ್ಕಕ್ಕಿಡಿ ಎಂದ ಹಣ ಏಕೆ ಬೇಕೆಂಬುದು ನನಗೆ ಮೊದಲ ವರ್ಷವೇ ತಿಳಿಯಿತು. ಬಾನೆಟ್ಟಿನ ಕಡೆಯಿಂದ ಕೂಲಂಟಿನ (ಎಂಜಿನ್ ತಣಿಸುವ ದ್ರವದ) ಸಿಹಿವಾಸನೆ ಬರುತ್ತಿದ್ದುದನ್ನು ನಾನು ಎರಡು ವಾರ ಅಲಕ್ಷಿಸಿದೆ; ಎಂ40 ಹೆದ್ದಾರಿಯಲ್ಲಿ ಪ್ಲಾಸ್ಟಿಕ್ಕಿನ ಥರ್ಮೋಸ್ಟಾಟ್ ಗೂಡು ಒಡೆಯಿತು. ತಕ್ಷಣ ನಿಲ್ಲಿಸಿದ್ದರಿಂದ ಎಂಜಿನ್ ಉಳಿಯಿತು. ಅದನ್ನು ಸರಿಪಡಿಸುವಾಗ ಅದರ ಪಕ್ಕದ ಕೊಳವೆಗಳು, ನೀರಿನ ಪಂಪು ಎಲ್ಲವೂ ಅದೇ ವಯಸ್ಸಿನವು ಎಂದು ಮೆಕ್ಯಾನಿಕ್ ತೋರಿಸಿದರು. ಒಂದನ್ನು ಬದಲಿಸಿ ಉಳಿದವನ್ನು ಬಿಟ್ಟರೆ ಮತ್ತೆ ಅದೇ ಕೂಲಿ ತೆರಬೇಕು. ಎಲ್ಲವನ್ನೂ ಒಟ್ಟಿಗೆ ಮಾಡಿಸಿದೆ. ನಿತ್ಯ ಬರ್ಮಿಂಗ್‌ಹ್ಯಾಮ್ ನಗರದ ನಡುವಿಗೆ ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ಖರ್ಚೂ ಇದೆ: 2021ರ ಜೂನಿನಿಂದ ಅಲ್ಲಿ ಶುದ್ಧಗಾಳಿ ವಲಯವಿದ್ದು, ಯುರೋ 4 ಎಂಬ ಹೊಗೆಮಿತಿಯ ಮಟ್ಟಕ್ಕೆ ಬಾರದ ಪೆಟ್ರೋಲ್ ಕಾರಿಗೆ ದಿನಕ್ಕೆ 8 ಪೌಂಡ್ ಶುಲ್ಕ. 90ರ ದಶಕದ ಎಕ್ಸ್‌ಕೆ8 ಆ ಮಟ್ಟಕ್ಕೆ ಬಾರದಿರಬಹುದು.

ಮುಂದೆ ಬೆಂಗಳೂರಿಗೆ ಹೋಗುವಾಗ ಜೊತೆಗೇ ಒಯ್ಯಬಹುದೇ ಎಂದೂ ಕೇಳುತ್ತಾರೆ. ಜಾಗ್ವಾರ್ ಈಗ ಟಾಟಾದವರದೇ ತಾನೆ ಎಂಬ ಭರವಸೆ ಅವರದು. ಟಾಟಾ ಮೋಟರ್ಸ್ ಫೋರ್ಡ್‌ನಿಂದ ಜಾಗ್ವಾರನ್ನು ಕೊಂಡದ್ದು 2008ರಲ್ಲಿ, ಈ ಮಾದರಿ ನಿಂತ ಮೇಲೆ. ಅಲ್ಲದೆ ಮೂರು ವರ್ಷಕ್ಕಿಂತ ಹಳೆಯ ಬಳಸಿದ ಕಾರನ್ನು ಭಾರತಕ್ಕೆ ತರಲು ಆಮದು ನಿಯಮಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಇದು ಇಲ್ಲಿ ಓಡಿಸಿ ಇಲ್ಲೇ ಇನ್ನೊಬ್ಬರಿಗೆ ದಾಟಿಸಬೇಕಾದ ಕಾರು.

ನೋಡಲು ಹೋಗುವ ದಿನ ಹಿಂದಿನ ಸಂಜೆಯೇ ಫೋನು ಮಾಡಿ, ನಾನು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರನ್ನು ಕೇಳಿಕೊಳ್ಳಿ. ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈ ಇಡಿ. ತಣ್ಣಗಿದ್ದರೆ ಕೀಲಿ ತಿರುಗಿಸಿ, ಮೊದಲ ಕೆಲವು ಸೆಕೆಂಡು ಮಾತು ನಿಲ್ಲಿಸಿ, ಚೈನಿನ ಗಲಗಲ ಸದ್ದು ಕೇಳುತ್ತದೆಯೇ ಎಂದು ಕಿವಿಗೊಡಿ. ಬಾನೆಟ್ ಬಿಸಿಯಿದ್ದರೆ ಅಂದು ಏನನ್ನೂ ಮಾತಾಡದೆ, ಇನ್ನೊಂದು ಬೆಳಗ್ಗೆ ಬರುತ್ತೇನೆಂದು ಹೇಳಿ ಹೊರಡಿ.