ಕುಂಬಳಕಾಯಿಯೂ ನನ್ನ ಜೋಳದ ಚೀಲವೂ

ಹೋದ ವರ್ಷ ನಮ್ಮ ಚರ್ಚಿನ ಸುಗ್ಗಿ ಆರಾಧನೆಯ ದಿನ, ಕಾಣಿಕೆಯಾಗಿ ಬಂದ ಬೆಳೆಯನ್ನು ಹರಾಜು ಹಾಕುವ ಲಿಲಾವಿನ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹುನಗುಂದದ ಕಡೆಗಿರುವ ನಮ್ಮ ಎರೆಹೊಲದಲ್ಲಿ ಬೆಳೆದ ಬಿಳಿಜೋಳದ 50 ಕಿಲೋ ಚೀಲವೊಂದನ್ನು ನಾನೂ ಕಾಣಿಕೆಯಾಗಿ ತಂದಿದ್ದೆ. ಅದು ಹೆಚ್ಚುಕಡಿಮೆ ಪೇಟೆಯ ಧಾರಣೆಗೇ, 1,900 ರೂಪಾಯಿಗೆ ಹೋಯಿತು. ಅದರ ಬೆನ್ನಿಗೇ ನಮ್ಮ ಸಭೆಯ ಹಿರಿಯ ನೇಕಾರ ಕಾಕಾ ಒಬ್ಬರ ಕುಂಬಳಕಾಯಿ ಬಂದಿತು. ಕೊಂಡವರು ಅದನ್ನು ಮನೆಗೊಯ್ಯದೆ ಮತ್ತೆ ಸಭೆಗೇ ಕೊಟ್ಟರು. ಇನ್ನೊಬ್ಬರು ಕೊಂಡರು, ಅವರೂ ಕೊಟ್ಟರು. ಹೀಗೆ ಐದು ಕೈ ದಾಟಿದ ಆ ಒಂದು ಕಾಯಿ 2,350 ರೂಪಾಯಿ ತಂದಿತು. ಜನರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ನಾನು ಆ ಅಂಕಿಯನ್ನು ಎಷ್ಟು ಒತ್ತಿ ಬರೆದಿದ್ದೆನೆಂದರೆ, ಅದರ ಗುರುತು ವಹಿಯ ಮುಂದಿನ ಹಾಳೆಯಲ್ಲಿಯೂ ಮೂಡಿತ್ತು.

ಕುಂಬಳಕಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ನಗೆಗೀಡಾದ ಸಂಗತಿಯೆಂದು ನನಗೂ ಗೊತ್ತು. ಆದರೆ ಮತ್ಸರವು ದೂರದ ಶ್ರೀಮಂತರನ್ನು ಅರಸಿಕೊಂಡು ಹೋಗುವುದಿಲ್ಲ, ಪಕ್ಕದ ಬೆಂಚಿನಲ್ಲಿ ಕುಳಿತವರನ್ನೇ ಹಿಡಿಯುತ್ತದೆ. ನಮ್ಮೂರು ಗುಳೇದಗುಡ್ಡಕ್ಕೆ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಬಂದದ್ದು 1851ರಲ್ಲಿ. ಅಂದಿನಿಂದ ತಲೆತಲಾಂತರವಾಗಿ ಒಂದೇ ಗುಡಿಯ ನೆರಳಿನಲ್ಲಿ ಬೆಳೆದ ನಮ್ಮಂಥ ಮನೆತನಗಳಿಗೆ ಯಾರ ಮಗನಿಗೆ ನೌಕರಿ ಸಿಕ್ಕಿತು, ಕ್ರಿಸ್ಮಸ್ ಗಾಯನದಲ್ಲಿ ಯಾರ ಮಗಳು ಮುಂದೆ ನಿಂತಳು ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ಇದರ ಮೇಲೆ ಸ್ತೋತ್ರಕಾಣಿಕೆ ಕೊಟ್ಟವರ ಹೆಸರನ್ನು ಮೊತ್ತದ ಸಮೇತ ಓದುವ ರೂಢಿ ಬೇರೆ. (ಇದನ್ನು ನಿಲ್ಲಿಸಬೇಕೆಂದು ನಾನು ಹಿರಿಯರ ಸಭೆಯಲ್ಲಿ ಎರಡು ಸಲ ಹೇಳಿದ್ದೇನೆ, ನನ್ನ ಹೆಸರು ಪಟ್ಟಿಯ ಮೇಲ್ಗಡೆ ಇದ್ದ ವರ್ಷ ಮಾತ್ರ ಹೇಳಲಿಲ್ಲ.)

ಆ ರಾತ್ರಿ ಬೈಬಲಿನ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯವನ್ನು ತೆರೆದು ಕುಳಿತೆ. ಯೇಸು ಹೇಳಿದ ಆ ಕಥೆಯಲ್ಲಿ ದ್ರಾಕ್ಷಿತೋಟದ ಯಜಮಾನನು ಸಂಜೆ ಐದಕ್ಕೆ ಬಂದ ಕೂಲಿಗಳಿಗೆ ಮೊದಲು ಹಣ ಕೊಡಿಸುತ್ತಾನೆ, ಅದೂ ಇಡೀ ದಿನದ ಕೂಲಿ; ತಮಗೂ ಅಷ್ಟೇ ಸಿಕ್ಕಿತೆಂದು ಬೆಳಿಗ್ಗೆ ಬಂದವರು ಗೊಣಗುತ್ತಾರೆ. ಬೆಳಿಗ್ಗೆಯೇ ಬಂದವರಿಗೆ ಮೊದಲು ಕೊಟ್ಟು ಕಳುಹಿಸಿದ್ದರೆ ಅವರು ಗೊತ್ತುಮಾಡಿಕೊಂಡಿದ್ದ ದಿನಗೂಲಿಯನ್ನು ಸೆರಗಿಗೆ ಕಟ್ಟಿಕೊಂಡು ಸಂತೋಷದಿಂದಲೇ ಮನೆಗೆ ಹೋಗುತ್ತಿದ್ದರು. ಅವರ ಕೂಲಿ ಒಂದು ಕಾಸೂ ಕಡಿಮೆಯಾಗಿರಲಿಲ್ಲ; ಕೆಟ್ಟದ್ದು ಅವರ ಕಣ್ಣು. ಯಜಮಾನನ ಪ್ರಶ್ನೆಯೂ ಗ್ರೀಕ್ ಮೂಲದಲ್ಲಿ ಕಣ್ಣನ್ನೇ ಕುರಿತದ್ದು: ನಾನು ಒಳ್ಳೆಯವನಾದದ್ದಕ್ಕೆ ನಿನ್ನ ಕಣ್ಣು ಕೆಟ್ಟಿತೇ? ದೃಷ್ಟಿಯಾಗುತ್ತದೆಂದು ಮಗುವಿನ ಕೆನ್ನೆಗೆ ಕಪ್ಪು ಇಡುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದೃಷ್ಟಿ ಹಾಕುವವರು ಯಾವಾಗಲೂ ಬೇರೆಯವರೇ ಎಂದು ನಾನು ತಿಳಿದಿದ್ದೆ.

ಓದಿದ್ದರಿಂದ ಉರಿ ಆರಲಿಲ್ಲ. ಮುಂದಿನ ರವಿವಾರ, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನವಿತ್ತು. ನಮ್ಮ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಆರಾಧನಾ ಕ್ರಮದಲ್ಲಿ ಕಾಣಿಕೆಗೆ ಮುಂಚೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯಿದೆ. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂಬ ಯೇಸುವಿನ ಮಾತಿಗೆ ಒಪ್ಪುವ ಕ್ರಮವದು. ವಚನದಲ್ಲಿ ಮುನಿಸು ಸಹೋದರನದು. ಇಲ್ಲಿ ಕಾಕಾನಿಗೆ ನನ್ನ ಮೇಲೆ ಏನೂ ಇರಲಿಲ್ಲ, ಇದ್ದದ್ದೆಲ್ಲ ನನ್ನದೇ. ಬೆಂಚಿನ ಆ ತುದಿಯಿಂದ ಸಮಾಧಾನವು ಅವರ ಮೂಲಕವೇ ನನಗೆ ಬರಬೇಕಾಗಿತ್ತು. ಕುಣಿಮಗ್ಗದಲ್ಲಿ ಕುಳಿತು ಆಯುಷ್ಯವಿಡೀ ಖಣ ನೇಯ್ದ ಆ ಅಂಗೈಗಳು ನನ್ನ ಕೈಯನ್ನು ನಡುವೆ ಹಿಡಿದುಕೊಂಡವು. ಹೆಬ್ಬೆರಳಿನ ಬುಡ ಕಲ್ಲಿನಂತೆ ಗಟ್ಟಿಯಾಗಿತ್ತು. ಕೈ ಬಿಡುವ ಮೊದಲು ಅವರು ಬಾಗಿ ಪಿಸುಗುಟ್ಟಿದರು: "ತಮ್ಮಾ, ನಿಮ್ಮ ಜ್ವಾಳದ ಚೀಲ ಯಾರ್ ತೊಗೊಂಡ್ರು? ಅದರ ಮ್ಯಾಲ ನನಗ ಭಾಳ ಮನಸಿತ್ತು. ಅಷ್ಟ್ ರೊಕ್ಕ ಇರಲಿಲ್ಲ ನೋಡು."

ಆರಾಧನೆ ಮುಗಿದ ಮೇಲೆ ಮನೆಗೆ ಹೋಗಿ ಒಂದು ಪುಟ್ಟಿ ಜೋಳ ತುಂಬಿಕೊಂಡು ಅವರ ಓಣಿಗೆ ನಡೆದೆ. ಕಾಕಾ ತಗಡಿನ ಮೇಲೆ ಒಣಗಿದ್ದ ಬಳ್ಳಿಯನ್ನು ತೋರಿಸಿದರು. ಈ ಸಲ ಅದು ಬಿಟ್ಟದ್ದು ಆ ಒಂದೇ ಕಾಯಿಯಂತೆ.